ಬದ್ರಿಯಾಳ ಗಂಟಲು

ಪರದೆಯ ಮೇಲೆ ಅವಳು ಬದ್ರಿಯಾ, ಮರಳುಗಾಡಿನ ಗುಡಾರದ ಹುಡುಗಿ. ಮನೆಯಲ್ಲಿ ಸಿರಾನುಷ್, ಅಲೆಕ್ಸಾಂಡ್ರಿಯಾದ ಅರ್ಮೇನಿಯನ್ ದರ್ಜಿಯ ಮಗಳು. ಸಿಗರೇಟು ಕಾರ್ಖಾನೆಯಿಂದ ಮನೆಗೆ ಹೋಗುತ್ತಿದ್ದವಳನ್ನು ಎಲ್ಲರೂ ಗೌರವದಿಂದ 'ಬೇ' ಎಂದು ಕರೆಯುತ್ತಿದ್ದ ನಿರ್ದೇಶಕ ಅನೀಸ್ ಬೇ ಟ್ರಾಮಿನಲ್ಲಿ ನೋಡಿ, ಮೂರು ತಿಂಗಳು ಅವಳ ಅಪ್ಪನ ಬೆನ್ನುಬಿದ್ದು ಒಪ್ಪಿಸಿದ್ದ. ಐದು ವರ್ಷಕ್ಕೆ ಒಂಬತ್ತು ಮೂಕಿ ಚಿತ್ರಗಳಾದವು. ಅವಳು ಮೆಲ್ಲಗೆ ಕಣ್ಣೆತ್ತಿದರೆ ಕೈರೋದ ಗಂಡಸರು ಬೆಂಚು ಹತ್ತಿ ನಿಲ್ಲುತ್ತಿದ್ದರು.

ಆಮೇಲೆ ಚಿತ್ರಗಳು ಮಾತಾಡತೊಡಗಿದವು.

ಅವಳ ಬಾಯಲ್ಲಿ ಗಂಟಲಾಳದಿಂದ ಬರಬೇಕಾದ ಅರಬ್ಬಿಯ 'ಹ' ಹೊರಳುತ್ತಿರಲಿಲ್ಲ. 'ಹಸನ್' ಎಂದರೆ 'ಖಸನ್' ಆಗುತ್ತಿತ್ತು. ಸ್ಟುಡಿಯೋದವರ ದನಿ ಪರೀಕ್ಷೆಗೆ ಒಂದು ತಿಂಗಳಿರುವಾಗ ಬಟ್ಟೆ ಒಗೆಯುವ ಉಮ್ಮ್ ಸಲಾಮಾಳನ್ನೇ ಗುರು ಮಾಡಿಕೊಂಡಳು.

"ಗಂಟಲು ಕೆರೀಬೇಡ ಮಗಳೇ," ಎಂದಳು ಮುದುಕಿ. "ಕನ್ನಡಿ ಒರೆಸೋಕೆ ಉಸಿರು ಊದ್ತೀವಲ್ಲ, ಹಾಗೆ ಬಿಡು."

ಬಟ್ಟೆ ಹಿಂಡುವ ಮುದುಕಿಯ ಪಕ್ಕ ಕೂತು ಹೇಳಿದರೆ ಹತ್ತಕ್ಕೆ ಎಂಟು ಸಲ ಸರಿ ಬರುತ್ತಿತ್ತು.

ಪರೀಕ್ಷೆಯ ದಿನ ಸ್ಟುಡಿಯೋದ ಗೋಡೆಗೆಲ್ಲ ಕಂಬಳಿ ತೂಗುಬಿಟ್ಟಿದ್ದರು. ಸದ್ದಾಗದಿರಲೆಂದು ಫ್ಯಾನು ನಿಲ್ಲಿಸಿದ್ದರು. ಮೂಲೆಯಲ್ಲಿ ಹೊಸ ಗಾಯಕಿಯೊಬ್ಬಳು ತನ್ನ ಸರದಿಗಾಗಿ ಕಾಯುತ್ತಿದ್ದಳು. ಗಾಜಿನಾಚೆ ದನಿ ಮುದ್ರಿಸುವ ಮನುಷ್ಯ ಬೆರಳೆತ್ತಿದ. "ನಾನು ಹಸನನ ಮಗಳು," ಎಂದಳು ಸಿರಾನುಷ್. ಸರಿ ಬಂತು. ಎರಡನೆಯ ಸಾಲೂ ದಾಟಿತು. ಮೂರನೆಯದರಲ್ಲಿ ಮತ್ತೆ ಹಸನನ ಹೆಸರಿತ್ತು. ಅದು ಹತ್ತಿರ ಬರುತ್ತಿದ್ದಂತೆ ನಾಲಗೆ ಒಣಗಿತು. "ಖಸನ್."

ಕಂಬಳಿಯ ಹಿಂದೆ ಯಾರೋ ಬಡಗಿ ಕಿಸಕ್ಕೆಂದ. ಇನ್ನೂ ಮೂರು ಸಲ ಹೇಳಿಸಿದರು. ಮೂರು ಸಲವೂ ಖಸನ್.

ಅನೀಸ್ ಬೇ ಅವಳನ್ನು ಹೊರಗೆ ಕರೆದೊಯ್ದ. "ಒಂದು ಪಾತ್ರ ಇದೆ. ಪಾಷಾ ಮನೆಗೆ ಬಟ್ಟೆ ಹೊಲಿಯೋ ಪರದೇಶಿ ಹೆಂಗಸು. ನಿನ್ನ ಬಾಯಿಗೆ ಹೇಗೆ ಬರುತ್ತೋ ಹಾಗೇ ಮಾತಾಡು. ಜನ ಬಿದ್ದು ಬಿದ್ದು ನಗ್ತಾರೆ."

"ನಾನು ಯಾವತ್ತೂ ಯಾರನ್ನೂ ನಗಿಸಿಲ್ಲ ಬೇ."

"ಈಗ ನಗಿಸು."

ಒಪ್ಪಿದಳು. ಜನ ನಕ್ಕರು. ಬೀದಿಯಲ್ಲಿ ಹುಡುಗರು "ಖಸನ್, ಖಸನ್" ಎಂದು ಹಿಂದೆ ಬರತೊಡಗಿದರು. ಆದರೂ ಉಮ್ಮ್ ಸಲಾಮಾಳ ಪಾಠ ಬಿಡಲಿಲ್ಲ.

ಅದೇ ಬಗೆಯ ಮೂರನೆಯ ಚಿತ್ರದ ಮೊದಲ ದಿನ, ಎಲ್ಲರೂ ನಗಲು ಸಿದ್ಧರಾಗಿ ನಿಂತಿರುವಾಗ, ಅವಳ ಬಾಯಿಂದ 'ಹಸನ್' ನೈಲ್ ದಡದಲ್ಲಿ ಹುಟ್ಟಿದವಳು ಅಂದಷ್ಟು ಹಸನಾಗಿ ಬಂತು.

"ಅದಲ್ಲ, ಮೊದಲಿನ ಹಾಗೆ," ಎಂದ ಅನೀಸ್ ಬೇ.

ಮತ್ತೆ ಸರಿಯಾಗಿಯೇ ಹೇಳಿದಳು.

"ಸಿರಾನುಷ್, ಕೆಡಿಸಿ ಹೇಳು. ಇಲ್ಲಾಂದ್ರೆ ಮನೆಗೆ ಹೋಗು."

"ಕಲಿಯೋಕೆ ಎರಡು ವರ್ಷ ಆಯ್ತು ಬೇ," ಎಂದು ಅವಳು ಹೊಲಿಗೆಯವಳ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು ಹೊರಟಳು.

ಮತ್ತೆ ಯಾರೂ ಕರೆಯಲಿಲ್ಲ. ಕೈರೋದ ಶುಬ್ರಾ ಬಡಾವಣೆಯ ಒಂದು ಫೋಟೋ ಅಂಗಡಿಯಲ್ಲಿ, ನಾಚಿ ತಲೆ ತಗ್ಗಿಸುವ ಮದುಮಗಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸುವ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷ ಅದನ್ನೇ ಮಾಡಿದಳು. ಉಮ್ಮ್ ಸಲಾಮಾ ಬದುಕಿರುವ ತನಕ ಪ್ರತಿ ಶುಕ್ರವಾರ ಬಂದು, ಒಂದು ಅಕ್ಷರಕ್ಕೋಸ್ಕರ ಅನ್ನ ಕಳಕೊಂಡ ಪೆದ್ದಿ ಎಂದು ಬೈದು ಹೋಗುತ್ತಿದ್ದಳು. ಸಿರಾನುಷ್ ಕಾಫಿ ಬಗ್ಗಿಸಿ ಕೊಡುತ್ತಿದ್ದಳು.