ಎದಿ ಗುಳಿಗಿ ತಗೋತೀರೇನ್ರಿ?

ಮೆಡಿಕಲ್ ಅಕ್ಕ ಇಳಕಲ್ ಸೀರೆಯ ಮೇಲೆ ಬಿಳಿ ಕೋಟು ತೊಡುತ್ತಿದ್ದರು. ಸೆರಗು ಡ್ರಾವರಿಗೆ ಸಿಕ್ಕಿಕೊಳ್ಳುತ್ತದೆಂದು ಅದರ ತುದಿಯನ್ನು ಕೋಟಿನ ಜೇಬಿಗೆ ತುರುಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೇ ಜೇಬಿಗೆ ಕತ್ತರಿ, ಪೆನ್ನು, ಬಸ್ ಟಿಕೆಟು, ನಾಲ್ಕು ಲವಂಗ ಸೇರಿ, ಕೋಟು ಒಂದು ಕಡೆಗೆ ಜೋತು ಬೀಳುತ್ತಿತ್ತು. ಡಾಕ್ಟರ ಚೀಟಿ ಓದಬೇಕಾದರೆ ಕನ್ನಡಕವನ್ನು ಹಣೆಗೇರಿಸಿ, ಚೀಟಿಯನ್ನು ಮೂಗಿಗೆ ತಾಗುವಂತೆ ಹಿಡಿಯುತ್ತಿದ್ದರು. ಹಾಗಾದರೆ ಕನ್ನಡಕ ಯಾತಕ್ಕೆ ಎಂದು ನಾನೊಮ್ಮೆ ಕೇಳಿದ್ದೆ. “ಗಿರಾಕಿ ಮಾರಿ ನೋಡಾಕ” ಎಂದಿದ್ದರು.

ಅಬಿಡ್ಸ್‌ನಲ್ಲಿ ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಅವರ ಔಷಧಿ ಅಂಗಡಿ. ಕಲಬುರಗಿ, ಬೀದರ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಾವೆಲ್ಲ ಅವರನ್ನು ಮೆಡಿಕಲ್ ಅಕ್ಕ ಎನ್ನುತ್ತಿದ್ದೆವು. ಗೋಡೆಯ ಮೇಲಿನ ಫಾರ್ಮಸಿ ಸರ್ಟಿಫಿಕೇಟು ಅವರದೇ ಹೆಸರಿನದು. ಅವರ ಯಜಮಾನರು ಮಾಲು ತರುವ, ಹೊರಗೆ ತಿರುಗುವ ಕೆಲಸ ನೋಡಿಕೊಳ್ಳುತ್ತಿದ್ದರು. ಕೌಂಟರಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಅಕ್ಕನೇ.

ಆ ಗುಳಿಗೆಗಾಗಿ ಬರುವ ಗಂಡಸರ ಪಾಡು ನೋಡುವ ಹಾಗಿರುತ್ತಿತ್ತು. ಗಂಡಸುತನ ಕೈಕೊಟ್ಟಾಗ ತೆಗೆದುಕೊಳ್ಳುವ ಗುಳಿಗೆಯನ್ನು ನಮ್ಮಲ್ಲಿ ಯಾರು ಹೆಸರು ಹಿಡಿದು ಕೇಳುತ್ತಾರೆ? ಒಳಗೆ ಹೆಂಗಸು ಕುಳಿತದ್ದು ನೋಡಿ ಪಕ್ಕದ ಪುಸ್ತಕದಂಗಡಿಯ ಮುಂದೆ ಸುಳಿದಾಡುವರು. ಕೊನೆಗೆ ಬಂದು ಕೆಮ್ಮಿನ ಗುಳಿಗೆ ಕೇಳುವರು. ಅಕ್ಕ ಅದನ್ನು ಕೊಟ್ಟು, “ಕೆಮ್ಮಿಂದು ಆತು. ಖರೇ ಬೇಕಾಗಿದ್ದು ಯಾವುದು?” ಎನ್ನುವರು. ಚೀಟಿ ಇಲ್ಲದಿದ್ದರೆ ಕೊಡುತ್ತಿರಲಿಲ್ಲ. ಚೀಟಿ ಇದ್ದರೂ ಒಂದು ಪ್ರಶ್ನೆ ಕೇಳದೆ ಕೊಡುತ್ತಿರಲಿಲ್ಲ. “ಎದಿ ಗುಳಿಗಿ ತಗೋತೀರೇನ್ರಿ? ಎದಿ ನೋವಾದಾಗ ನಾಲಗಿ ಕೆಳಗ ಇಟ್ಕೊಳ್ಳೋದು?” ಇದನ್ನೇ ತೆಲುಗಿನಲ್ಲಿ, ಹಿಂದಿಯಲ್ಲಿ, ಬಂದವನ ಭಾಷೆಯಲ್ಲಿ ಕೇಳುವರು. ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ, ಬಾಯಿಬಿಟ್ಟು ಹೇಳಬೇಕು. “ಕ್ಯಾ ಬಾತಾಂ ಪೂಛ್‌ರೈಂ ಅಮ್ಮಾ”, ಎಂಥ ಮಾತು ಕೇಳುತ್ತೀರಿ ಅಮ್ಮಾ ಎಂದು ಮುಖ ಕೆಂಪಗೆ ಮಾಡಿಕೊಂಡು ಹೋದವರೂ ಉಂಟು. ಹೋದವರನ್ನು ಅಕ್ಕ ವಾಪಸು ಕರೆಯುತ್ತಿರಲಿಲ್ಲ.

ಇನ್ನು ನನ್ನ ಕತೆ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆಗಳನ್ನು ಪಟ್ಟಿಗೆ ತುಂಬುವ ವಿಭಾಗದಲ್ಲಿ ಸೂಪರ್‌ವೈಸರ್ ನಾನು. ಒಂದು ಔಷಧ ಮುಗಿದು ಇನ್ನೊಂದು ಶುರುವಾಗುವ ಮೊದಲು ಯಂತ್ರದ ಸಂದುಗೊಂದು, ನೆಲ, ಕಸದ ಡಬ್ಬಿ ಎಲ್ಲ ತಡಕಿ, ಹಳೆಯದರ ಒಂದು ಗುಳಿಗೆಯೂ ಉಳಿದಿಲ್ಲವೆಂದು ಸಹಿ ಹಾಕುವುದು ನನ್ನ ಕೆಲಸ. ಎರಡು ಔಷಧ ಕೂಡಬಾರದು, ಅಷ್ಟೇ. ಆ ಗಂಡಸರ ಗುಳಿಗೆಯೂ ನನ್ನ ಕಣ್ಣ ಮುಂದೆ ಮೂಟೆಗಟ್ಟಲೆ ಹೋಗಿದೆ. ಹುಡುಗರು ಚೇಷ್ಟೆ ಮಾಡುತ್ತಿದ್ದರು, ನಾನು ಗದರುತ್ತಿದ್ದೆ. ಅದು ಮೈಯೊಳಗೆ ಏನು ಮಾಡುತ್ತದೆಂದು ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಲವತ್ತೇಳು ದಾಟಿದ ಮೇಲೆ ನನ್ನ ಮೈ ನನ್ನ ಮಾತು ಕೇಳುವುದು ಬಿಟ್ಟಿತು. ಒಂದು ಸಲ, ಎರಡು ಸಲ, ಆಮೇಲೆ ಯಾವಾಗಲೂ. ಬೆನ್ನು ನೋವೆಂದು ಹೇಳಿ ಚಾಪೆ ತಂದು ಹಾಲ್‌ನಲ್ಲಿ ಮಲಗತೊಡಗಿದೆ. ಹೆಂಡತಿ ಏನೂ ಕೇಳಲಿಲ್ಲ. ಅವಳ ಆ ಮೌನವೇ ನನ್ನನ್ನು ಹೆಚ್ಚು ಕುಗ್ಗಿಸಿತು. ಊಟ ಬಡಿಸುವಾಗ ತಟ್ಟೆ ಇಡುವ ಸದ್ದು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಹೀಗೆ ವರ್ಷ ಕಳೆಯಿತು. ನನಗೆ ಬೇಸರ ಬಂದುಬಿಟ್ಟಿತ್ತು.

ಒಂದು ದಿನ ಗುರುತಿನವರು ಸಿಗಬಾರದೆಂದು ಅಮೀರ್‌ಪೇಟ್‌ನಲ್ಲಿ ಇಳಿದು, ಹಾಸ್ಟೆಲುಗಳ ಸಂದಿಯ ಒಂದು ಅಂಗಡಿಯಲ್ಲಿ ನಾಲ್ಕು ಗುಳಿಗೆಯ ಪಟ್ಟಿ ಕೊಂಡೆ. ಅಲ್ಲಿಯವನು ಚೀಟಿ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಭಾನುವಾರ ಹೊಟ್ಟೆ ತುಂಬ ಬಿರ್ಯಾನಿ ಉಂಡು, ಒಂದು ನುಂಗಿ, ಗೋಡೆಗೆ ಮುಖ ಮಾಡಿ ಮಲಗಿ ಪವಾಡಕ್ಕಾಗಿ ಕಾದೆ. ಏನೂ ಆಗಲಿಲ್ಲ. ಕಂಪನಿ ಕೈಕೊಟ್ಟಿತು ಎಂದುಕೊಂಡು ಸ್ವಲ್ಪ ಹೊತ್ತಿಗೇ ಇನ್ನೊಂದು ನುಂಗಿದೆ. ಆಗ ತಲೆ ಸಿಡಿಯತೊಡಗಿತು. ಮುಖ ಕಾದ ಹಂಚು. ಟ್ಯೂಬ್‌ಲೈಟಿಗೆ ನೀಲಿ ಬಳಿದ ಹಾಗೆ ಕಾಣಿಸಿತು. ತಲೆನೋವಿನ ಗುಳಿಗೆಗೆಂದು ಅಕ್ಕನ ಅಂಗಡಿಗೆ ಹೋದೆ.

ಅಕ್ಕ ಕನ್ನಡಕ ಇಳಿಸಿ ನನ್ನ ಮುಖ ನೋಡಿದರು. “ಎಷ್ಟು ನುಂಗೀಪಾ?” ಎಂದರು.

“ಏನ್ರಿ ಅಕ್ಕಾರ?”

“ನನ್ನ ಮುಂದ ನಾಟಕ ಬ್ಯಾಡ. ಒಂದೋ ಎರಡೋ?”

“ಎರಡ್ರಿ.”

“ಎದಿ ಗುಳಿಗಿ ತಗೋತಿಯೇನು?”

“ಇಲ್ರಿ.”

“ಎದಿ ನೋವು, ತಲಿ ತಿರುಗೋದು ಏನರ ಐತಿ? ಇಲ್ಲಾ? ಹಂಗಾರ ನೀರು ಕುಡಿ, ಕುಂದ್ರು.” ಸ್ಟೂಲು ಎಳೆದುಕೊಟ್ಟು, ಬಿರ್ಯಾನಿಯಿಂದ ಹಿಡಿದು ಎಲ್ಲವನ್ನೂ ನನ್ನ ಬಾಯಿಂದ ಹೊರಡಿಸಿ, ಬೇರೆ ಗಿರಾಕಿಯ ಔಷಧ ಕಟ್ಟುತ್ತಲೇ ಮೆಲ್ಲಗೆ ಪಾಠ ಶುರು ಮಾಡಿದರು. “ಈ ಗುಳಿಗಿ ರಕ್ತದ ನಾಳ ಸಡ್ಲ ಮಾಡತೈತಿ. ಅಲ್ಲಿಗೆ ರಕ್ತ ಹರದು ಬರಾಕ ದಾರಿ ಆಗತೈತಿ. ಅಷ್ಟ ಅದರ ಕೆಲಸ. ಆಸೆ ಹುಟ್ಟಸೋದು ಅದರ ಕೆಲಸ ಅಲ್ಲ. ಹೆಂಡ್ತಿ ಒಂದ್ ಕಡೆ, ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರ ಗುಳಿಗಿ ಏನು ಮಾಡೀತು? ಹೊಟ್ಟಿ ತುಂಬ ಬಿರ್ಯಾನಿ ಉಂಡ್ರ ಅದು ಹತ್ತಾಕ ತಡಾ ಆಗತೈತಿ. ಒಂದು ತಾಸು ಮೊದಲ ತಗೋಬೇಕು. ದಿನಕ್ಕ ಒಂದ. ನಾಕು ತಾಸಾದ್ರೂ ಇಳೀಲಿಲ್ಲಂದ್ರ ಮರ್ಯಾದಿ ನೋಡ್ಕೋತ ಕುಂದ್ರಬಾರದು, ದವಾಖಾನಿಗೆ ಓಡಬೇಕು.”

ನಾನು ನೆಲ ನೋಡುತ್ತ ಕುಳಿತಿದ್ದೆ. ಅವ್ವನ ವಯಸ್ಸಿನ ಹೆಂಗಸಿನ ಬಾಯಿಂದ ಇದೆಲ್ಲ ಕೇಳುವ ಕಾಲ ಬಂತಲ್ಲ ಎಂದು ಸಂಕಟವಾಗುತ್ತಿತ್ತು. ಅಕ್ಕನಿಗೆ ಮಾತ್ರ ಜ್ವರದ ವಿಷಯ ಮಾತಾಡಿದಷ್ಟೇ ಸಲೀಸು.

“ಮೊದಲ ಡಾಕ್ಟರ ಕಡೆ ಹೋಗು” ಎಂದರು. “ಸಕ್ಕರಿ ನೋಡಸು, ಎದಿ ನೋಡಸು. ಅಲ್ಲಿ ನಾಳ ಸಣ್ಣವು, ಎದೀವು ದೊಡ್ಡವು. ಕೆಡಾಕ ಹತ್ತಿದ್ರ ಒಮ್ಮೊಮ್ಮೆ ಸಣ್ಣವ ಮೊದಲ ಹೇಳ್ತಾವು.”

ಹೋದೆ. ಸಕ್ಕರೆ ಯಾವಾಗಿನಿಂದಲೋ ಏರಿ ಕೂತಿತ್ತು. ಮೆಟ್ಟಿಲು ಹತ್ತುವಾಗಿನ ಎದೆಬಿಗಿತವನ್ನು ನಾನು ಗ್ಯಾಸ್ ಎಂದುಕೊಂಡಿದ್ದೆ. ಅದು ಗ್ಯಾಸ್ ಆಗಿರಲಿಲ್ಲ. ಹೃದಯದ ನಾಳ ಕಟ್ಟಿಕೊಂಡಿತ್ತು, ಅದನ್ನು ಬಿಡಿಸಿದರು. ಮನೆಗೆ ಕಳಿಸುವಾಗ ಮುಷ್ಟಿ ಗುಳಿಗೆಗಳ ಜೊತೆ, ಎದೆ ನೋವಾದರೆ ನಾಲಗೆಯ ಕೆಳಗೆ ಇಟ್ಟುಕೊಳ್ಳಲು ಒಂದು ಪಟ್ಟಿ ಕೊಟ್ಟರು. ಇನ್ನೆರಡು ತಿಂಗಳು ತಡೆದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಮೀರ್‌ಪೇಟ್‌ನ ಗುಳಿಗೆಯ ಸುದ್ದಿ ಮಾತ್ರ ನಾನು ಅವರಿಗೆ ಹೇಳಲಿಲ್ಲ. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

ಆರು ತಿಂಗಳು ಹಾಗೇ ಎಳೆದೆ. ಉಪ್ಪಿಲ್ಲದ ಸಾರು, ಸಕ್ಕರೆಯಿಲ್ಲದ ಚಹಾ, ಹಾಲ್‌ನಲ್ಲಿ ಚಾಪೆ. ಜೀವ ಉಳಿದದ್ದು ಇದಕ್ಕೇನಾ ಎನಿಸುತ್ತಿತ್ತು. ಕಪಾಟಿನಲ್ಲಿ ಹಳೆಯ ಪಟ್ಟಿಯ ಎರಡು ಗುಳಿಗೆ ಇನ್ನೂ ಇದ್ದವು. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಹೋಗಿ ಅಕ್ಕನನ್ನು ಕೇಳಿದೆ. “ಎದಿ ಗುಳಿಗಿ ಒಂದು ದಿನ ಬಿಟ್ಟು, ಆ ದಿನ ಇದು ತಗೊಂಡ್ರ ನಡೀತದೇನ್ರಿ?”

“ನಡೆಯಂಗಿಲ್ಲ” ಎಂದರು ಅಕ್ಕ. “ಎರಡೂ ನಾಳ ಸಡ್ಲ ಮಾಡೋವು. ಕೂಡಿದ್ರ ಬಿಪಿ ಒಮ್ಮೆಲೆ ಪಾತಾಳಕ್ಕ ಹೋಗತೈತಿ. ಇದು ತಗೊಂಡ ದಿನಾನ ಎದಿ ನೋವು ಬಂದ್ರ ಏನು ಇಟ್ಕೋತಿ ನಾಲಗಿ ಕೆಳಗ?”

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಎಲ್ಲದರ ಮೇಲೆ. ಸಿಕ್ಕವರು ಮಾತ್ರ ಅವರು. “ನೀವು ಹೆಣ್ಮಕ್ಕಳು, ನಿಮಗೇನು ತಿಳೀತದ್ರಿ ನಮ್ಮ ಸಂಕಟ” ಎಂದುಬಿಟ್ಟೆ.

ಅಕ್ಕ ಬೈಯಲಿಲ್ಲ. ಕೋಟಿನ ಜೇಬಿನಿಂದ ಸೆರಗು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು.

“ಈ ಗುಳಿಗಿ ಅಂಗಡಿಗೆ ಬಂದ ಹೊಸದು. ನಮ್ಮ ಭಾವಾರು, ನಮ್ಮ ಮನಿಯವ್ರ ಅಣ್ಣಾರು, ಕಲಬುರಗಿಯಿಂದ ಬಂದಿದ್ರು. ನಮ್ಮ ಮನಿಯವ್ರು ಅಂಗಡ್ಯಾಗ ಇರ್ಲಿಲ್ಲ. ಭಾವಾರ ಎದುರಿಗೆ ನಾ ಎಂದೂ ನಿಂತು ಮಾತಾಡಿದಾಕಿ ಅಲ್ಲ, ತಲಿ ಮ್ಯಾಲಿನ ಸೆರಗು ಸರಿಸಿದಾಕಿ ಅಲ್ಲ. ಅವ್ರು ಚೀಟಿ ಕೌಂಟರ್ ಮ್ಯಾಲೆ ಇಟ್ಟು ರಸ್ತೆ ಕಡೆ ಮಾರಿ ತಿರುವಿ ನಿಂತ್ರು. ಅವ್ರಿಗೆ ಎದಿ ನೋವು ಐತಿ, ಏನೋ ಗುಳಿಗಿ ನಡದೈತಿ ಅಂತ ಮನ್ಯಾಗ ಮಾತಾಡೋದು ಕೇಳಿದ್ದೆ. ಬೇರೆ ಡಾಕ್ಟರು ಬರದ ಚೀಟಿ ಅದು. ಕೇಳಬೇಕು ಅಂತ ಬಾಯಿತನಕ ಬಂತು. ಭಾವಾರಿಗೆ ಇಂಥ ಮಾತು ಹೆಂಗ ಕೇಳ್ಲಿ? ಸೆರಗು ಬಾಯಾಗ ಹಿಡಕೊಂಡು ಪಟ್ಟಿ ಮುಂದ ಸರಿಸಿದೆ. ಒಂದು ಮಾತು ಆಡ್ಲಿಲ್ಲ. ಊರಿಗೆ ಹೋದ ಮರುದಿನ ಮುಂಜಾನೆ ಎದಿ ನೋವು ಅಂತ ನಾಲಗಿ ಕೆಳಗ ಇಟ್ಕೊಂಡ್ರಂತ. ಅಲ್ಲೇ ಕುಸುದ್ರು, ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದ್ರು ಎಲ್ಲಾರು. ಇರಬಹುದು. ಎರಡೂ ಕೂಡಿನ ಹೋದ್ರು ಅಂತ ನನ್ನ ಮನಸ್ಸು ಹೇಳತೈತಿ.”

“ಮನ್ಯಾಗ ಗೊತ್ತೇನ್ರಿ?” ಎಂದು ಕೇಳಿದೆ.

“ಯಾರಿಗೂ ಇಲ್ಲ. ಅವರ ಹೆಂಡ್ತಿ, ನನ್ನ ನೆಗೆಣ್ಣಿ, ಅವಾಗಿಂದ ನಮ್ಮ ಮನ್ಯಾಗ ಅದಾರ. ಇಬ್ಬರೂ ಒಂದ ಒಲಿ ಮುಂದ ದಿನಾ ರೊಟ್ಟಿ ಬಡೀತೀವಿ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ಕೋತ ಬಂದೆ. ಸಾಕಾಗೇತಿ ತಮ್ಮಾ.”

ಅಕ್ಕ ಮತ್ತೆ ಸೆರಗು ಜೇಬಿಗೆ ತುರುಕಿ, “ಮನ್ಯಾಗ ಇದ್ದ ಗುಳಿಗಿ ತಂದು ನನಗ ಕೊಡು. ಹೆಂಡ್ತಿಗೆ ಎಲ್ಲಾ ಹೇಳು. ಡಾಕ್ಟರಿಗೂ ಹೇಳು, ಬ್ಯಾರೆ ದಾರಿ ಅದಾವು” ಎಂದರು.

ಅಂದು ಸಂಜೆ ಹೆಂಡತಿಗೆ ಹೇಳಿದೆ. ಹೇಳಲು ಶುರು ಮಾಡಿ ಮೂರು ಸಲ ನಿಲ್ಲಿಸಿದೆ. ಅವಳು ಕೇಳಿ ಬಹಳ ಹೊತ್ತು ಅತ್ತಳು. “ನನ್ನ ಮ್ಯಾಲೆ ಮನಸ್ಸು ಹೋಗೇತಿ ಅನ್ಕೊಂಡಿದ್ದೆ” ಎಂದಳು. ನನ್ನ ಮೂರ್ಖತನಕ್ಕೆ ನಾನೇ ಹಣೆ ಚಚ್ಚಿಕೊಂಡೆ. ಮರುದಿನ ಆ ಎರಡು ಗುಳಿಗೆಯನ್ನು ಅವಳೇ ಅಕ್ಕನಿಗೆ ಕೊಟ್ಟು ಬಂದಳು. ಡಾಕ್ಟರು ಹೇಳಿದ ಬೇರೆ ದಾರಿಗಳ ಮಾತು ನಮ್ಮಿಬ್ಬರಿಗೆ ಬಿಟ್ಟದ್ದು. ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆವು, ಅಷ್ಟು ಹೇಳಿದರೆ ಸಾಕು.

ಹೋದ ವರ್ಷ ಅಕ್ಕ ಎರಡು ವಾರ ಮಲಗಿ ಹೋಗಿಬಿಟ್ಟರು. ಸುದ್ದಿ ತಿಳಿದು ನಾನೂ ಹೆಂಡತಿಯೂ ಅವರ ಮನೆಗೆ ಹೋದೆವು. ಅಂಗಳದ ತುಂಬ ಗಂಡಸರು. ತೆಲುಗಿನವರು, ಸಾಬರು, ನಮ್ಮ ಕಡೆಯವರು. ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಇವರೆಲ್ಲ ಯಾವ ಸಂಬಂಧದವರೆಂದು ತಿಳಿಯದೆ ಮನೆಯವರೇ ಗಾಬರಿಯಾಗಿದ್ದರು.

ಬಾಗಿಲ ಬಳಿ ಕುಳಿತಿದ್ದ ಮುದುಕಿ ನನ್ನನ್ನು ಕೇಳಿದರು. “ನೀ ಯಾರ ಪೈಕಿ ಅಪಾ?” ನೆಗೆಣ್ಣಿ ಇವರೇ ಎಂದು ಗೊತ್ತಾಯಿತು. “ಗಿರಾಕಿರಿ” ಎಂದೆ.

ನನ್ನ ಹೆಂಡತಿ ಅವರ ಪಕ್ಕದಲ್ಲಿ ಕುಳಿತು ಹೇಳಿದಳು. “ಇವರು ಆ ಗಂಡಸರ ಗುಳಿಗಿನೂ ಎದಿ ಗುಳಿಗಿನೂ ಕೂಡ್ಸಿ ನುಂಗಾಕ ಹೊಂಟಿದ್ರಿ ಅಮ್ಮಾ. ಅಕ್ಕಾರು ತಡದ್ರು. ಅದಕ್ಕ ನನ್ನ ಗಂಡ ಇವತ್ತು ನಿಮ್ಮ ಮುಂದ ನಿಂತಾರ.”

ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. ಮುದುಕಿ ನನ್ನ ಹೆಂಡತಿಯ ಕೈ ಹಿಡಿದು ಸಣ್ಣ ದನಿಯಲ್ಲಿ ಹೇಳಿದರು.

“ನಮ್ಮ ಮನಿಯವ್ರು ತೀರಿಕೊಳ್ಳೋ ಹಿಂದಿನ ರಾತ್ರಿ ಅವ್ರ ಅಂಗಿ ಕಿಸೆದಾಗ ಆ ಪಟ್ಟಿ ನೋಡಿದ್ದೆ. ಈಕಿ ಅಂಗಡಿ ಪಾಕೀಟು ಇತ್ತು. ಇದು ಯಾತರದು ಅಂತ ಗಂಡನ್ನ ನಾ ಕೇಳ್ಲಿಲ್ಲ ತಂಗಿ, ನಾಚಿಕಿ ಬಂತು. ಇಷ್ಟು ವರ್ಷ ಒಂದ ಮನ್ಯಾಗ ಇದ್ದು ಈಕಿಗೂ ಹೇಳ್ಲಿಲ್ಲ. ತಪ್ಪು ನಂದು ಅನ್ಕೊಂಡಿದ್ದೆ.”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಕ್ಕ ಈ ಮಾತು ಕೇಳಬೇಕಾಗಿತ್ತು. ಒಳಗೆ ಹೆಂಗಸರು ಅವರಿಗೆ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸುತ್ತಿದ್ದರು.