ಕಿರುಬೆರಳಿನ ಚುಕ್ಕಿ

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಡಿಸೈನ್ ಸ್ಟುಡಿಯೋ ನಡೆಸುವ ಆಕೆಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಅಚ್ಚಾದ ಬಣ್ಣ ಸರಿಯಾಗಿದೆಯೇ ಎಂದು ನೋಡುವ ಪುಟ್ಟ ಮಸೂರವೊಂದು ಆಕೆಯ ಕೊರಳಲ್ಲಿ ಸದಾ ನೇತಾಡುತ್ತಿತ್ತು. ಅದನ್ನು ಅಚ್ಚಿನ ಕೆಲಸಕ್ಕೆ ಮಾತ್ರ ಬಳಸುತ್ತಿದ್ದಳು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಕರೆಂಟ್ ಬಿಲ್ಲು, ಔಷಧಿ ಚೀಟಿ, ಮಗಳ ಮಾರ್ಕ್ಸ್ ಕಾರ್ಡು, ಎಲ್ಲವೂ ಅದರ ಕೆಳಗೆ ಹಾದೇ ಹೋಗಬೇಕು. ಮದುವೆಗೆ ಮುಂಚೆ ತನ್ನ ಫೋಟೋವನ್ನೂ ಹೀಗೇ ನೋಡಿದ್ದಳು, ಆದರೂ ಮೋಸ ಹೋದಳು ಪಾಪ ಎಂದು ಗಂಡ ನಗಿಸುತ್ತಿದ್ದ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಸ್ಟುಡಿಯೋ ತೆರೆದ ವರ್ಷ ಒಬ್ಬ ಬೇಕರಿಯವನು ಮೂರು ಮಾದರಿ ಮಾಡಿಸಿಕೊಂಡು, ಯಾಕೋ ಮನಸ್ಸಿಗೆ ಹಿಡಿಸಲಿಲ್ಲ ಎಂದು ಕೈತೊಳೆದುಕೊಂಡಿದ್ದ. ತಿಂಗಳೊಳಗೆ ಅವೇ ಅಕ್ಷರ, ಅದೇ ಬಳ್ಳಿ ಅವನ ಬಿಸ್ಕತ್ತಿನ ಡಬ್ಬಿಯ ಮೇಲೆ ಕಂಡವು. ಹೋಗಿ ಕೇಳಿದರೆ, ಅಕ್ಷರವೇನು ನಿಮ್ಮಪ್ಪನ ಮನೆ ಆಸ್ತಿಯೇ ಎಂದು ಅವಳನ್ನೇ ದಬಾಯಿಸಿದ. ಸಾಕ್ಷಿ ಇಲ್ಲದೆ ಬಾಯಿ ಮುಚ್ಚಿಕೊಂಡು ಬಂದ ಭೂತಗನ್ನಡಿ ಅಂದೇ ಒಂದು ಉಪಾಯ ಕಂಡುಕೊಂಡಳು. ಅದಕ್ಕೆ ಕಳ್ಳಚುಕ್ಕಿ ಎಂದು ಹೆಸರಿಟ್ಟಳು.

ಉಪಾಯ ಇಷ್ಟೇ. ಯಾವ ಮಾದರಿ ಹೊರಗೆ ಹೋದರೂ ಅದರಲ್ಲಿ ಗಸಗಸೆ ಕಾಳಿನಷ್ಟು ಚುಕ್ಕಿಯೊಂದು ಅಡಗಿರುತ್ತದೆ. ಗಿರಾಕಿಯ ಪ್ರತಿಯಲ್ಲಿ ಒಂದು ಕಡೆ, ದರ ಕೇಳಲು ಪ್ರೆಸ್ಸಿನವನಿಗೆ ಕೊಡುವ ಪ್ರತಿಯಲ್ಲಿ ಇನ್ನೊಂದು ಕಡೆ. ಎಲ್ಲಾದರೂ ಕದ್ದ ಮಾಲು ಕಂಡರೆ ಚುಕ್ಕಿ ಇರುವ ಜಾಗವೇ ಕಳ್ಳನ ಹೆಸರು ಹೇಳುತ್ತದೆ. ಯಾರ ಚುಕ್ಕಿ ಎಲ್ಲಿದೆ ಎಂಬುದು ಕಪ್ಪು ರಟ್ಟಿನ ಪುಸ್ತಕದಲ್ಲಿ, ಪುಸ್ತಕ ಬೀಗ ಹಾಕಿದ ಡ್ರಾಯರಿನಲ್ಲಿ. ಗಿರಾಕಿ ಒಪ್ಪಿದ ಮೇಲೆ ಚುಕ್ಕಿ ಅಳಿಸಿ ಅಚ್ಚಿಗೆ ಕಳಿಸುವುದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಳಿಸಲು ಮರೆತಿಲ್ಲ ಎಂಬುದು ಅವಳ ಹೆಮ್ಮೆ.

ಸ್ಟುಡಿಯೋದಲ್ಲಿ ಜೊತೆಗಿದ್ದವಳು ನಾದಿನಿ, ಗಂಡನ ತಂಗಿ. ಆರು ವರ್ಷದಿಂದ ಬಣ್ಣ ಹೊಂದಿಸುವುದು, ಹಾಳೆ ಕತ್ತರಿಸುವುದು, ಸಿಟ್ಟಾದ ಗಿರಾಕಿಗೆ ಕಾಫಿ ಕೊಟ್ಟು ತಣ್ಣಗಾಗಿಸುವುದು, ಎಲ್ಲ ಅವಳದೇ. ಅತ್ತಿಗೆ ಗುಡುಗಿದಾಗ ಹೂಂ ಎನ್ನುವಳೇ ಹೊರತು ಎದುರು ಮಾತಾಡಿದವಳಲ್ಲ. ಮುಂದಿನ ತಿಂಗಳಿಂದ ಅವಳನ್ನು ಪಾಲುದಾರಳಾಗಿ ಮಾಡಿಕೊಳ್ಳುವುದೆಂದು ಮನೆಯಲ್ಲಿ ಮಾತಾಗಿತ್ತು. ಕಾಗದಪತ್ರವೂ ಸಿದ್ಧವಾಗಿತ್ತು, ಭೂತಗನ್ನಡಿಯ ಸಹಿ ಒಂದೇ ಬಾಕಿ. ಆದರೂ ನಾದಿನಿ ಬಣ್ಣ ನೋಡುವ ಪ್ರತಿಯಲ್ಲಿಯೂ ಒಂದು ಚುಕ್ಕಿ ಇರುತ್ತಿತ್ತು. ಅದನ್ನು ಭೂತಗನ್ನಡಿ ಗಂಡನಿಗೂ ಹೇಳಿರಲಿಲ್ಲ.

ಹೀಗಿರುವಾಗ ಹಿಂದಿನ ಬೀದಿಯಲ್ಲಿ ಹೊಸ ಲಾಂಡ್ರಿ ತೆರೆಯಿತು. ಬ್ಯಾಂಕಿಗೆ ಹೊರಟಿದ್ದ ಭೂತಗನ್ನಡಿ ಅದರ ಬೋರ್ಡು ಕಂಡು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಬೊಗಸೆ ಹಿಡಿದ ಎರಡು ಕೈ, ಮೇಲೆ ಮೂರು ಹನಿ. ಸೋಪು ಮಾಡುವ ಹೆಂಗಸೊಬ್ಬಳಿಗೆಂದು ಬರೆದು, ಅವಳು ಬೇಡವೆಂದ ಚಿತ್ರ! ಬಲಗೈಯ ಕಿರುಬೆರಳಿನ ಉಗುರ ಮೇಲೆ ಗೋಲಿಯಷ್ಟು ದೊಡ್ಡದಾಗಿ ಬೆಳೆದ ಕಪ್ಪು ಚುಕ್ಕಿ. ಅದನ್ನು ನೋಡಲು ಮಸೂರವೂ ಬೇಕಿರಲಿಲ್ಲ.

ಓಡಿ ಬಂದು ಪುಸ್ತಕ ತೆಗೆದಳು. ಗಿರಾಕಿಯ ಚುಕ್ಕಿ ಹೆಬ್ಬೆರಳಿನಲ್ಲಿ, ಪ್ರೆಸ್ಸಿನವನದು ಮಣಿಕಟ್ಟಿನಲ್ಲಿ. ಕಿರುಬೆರಳು ನಾದಿನಿಯದು.

ಆಮೇಲೆ ಕೇಳಬೇಕೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾದಿನಿ ಫೋನ್ ಬಂದರೆ ಮೆಟ್ಟಿಲಿಗೆ ಹೋಗಿ ಮಾತಾಡುತ್ತಿದ್ದುದು ಈಗ ನೆನಪಾಯಿತು. ಒಮ್ಮೆ ಬಾಗಿಲ ಸಂದಿನಿಂದ ಕೇಳಿದ್ದ ಮಾತೂ ನೆನಪಾಯಿತು: "ಅತ್ತಿಗೆಗೆ ಹೇಳ್ಬೇಡಿ, ನಾನು ಬೇರೆ ಫೈಲ್ ಕಳಿಸ್ತೀನಿ." ಹಾಲಿನಂಥ ಹುಡುಗಿ ಎಂದು ನಂಬಿದ್ದೆನಲ್ಲ ಎಂದು ಭೂತಗನ್ನಡಿ ತನ್ನನ್ನೇ ಬೈದುಕೊಂಡಳು. ಕಾಗದಪತ್ರವನ್ನು ಡ್ರಾಯರಿನ ತಳಕ್ಕೆ ತುರುಕಿ, ಅಂದೇ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದಳು.

ಮರುದಿನ ನಾದಿನಿ ಹಳೆಯ ಪಾಸ್‌ವರ್ಡನ್ನು ಒತ್ತಿದಳು, ಮತ್ತೆ ಒತ್ತಿದಳು. ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಕಿಟಕಿ ನೋಡುತ್ತಿದ್ದಳು. ನಾದಿನಿ ಏನೂ ಕೇಳದೆ ಕಟರ್ ತೆಗೆದುಕೊಂಡು ಹಾಳೆ ಕತ್ತರಿಸಲು ಕೂತಳು. ಕೇಳದೆ ಇದ್ದದ್ದೇ ತಪ್ಪಿತಸ್ಥಳೆಂಬುದಕ್ಕೆ ಸಾಕ್ಷಿ ಎಂದು ಭೂತಗನ್ನಡಿ ತೀರ್ಮಾನಿಸಿದಳು. ಕೇಳಿದ್ದರೆ ಅದನ್ನೂ ಸಾಕ್ಷಿ ಎನ್ನುತ್ತಿದ್ದಳು, ಆ ಮಾತು ಬೇರೆ.

ನಾಲ್ಕು ದಿನ ಹೀಗೇ ನಡೆಯಿತು. ಸೋಪಿನ ಹೆಂಗಸು ಒಪ್ಪಿದ್ದ ಬೇರೊಂದು ಲೇಬಲನ್ನು ಭೂತಗನ್ನಡಿ ಒಂದು ಕಣ್ಣು ನಾದಿನಿಯ ಮೇಲೆ ಇಟ್ಟುಕೊಂಡೇ ಪ್ರೆಸ್ಸಿಗೆ ಕಳಿಸಿದಳು. ಐದನೆಯ ದಿನ ತಡೆಯಲಾಗಲಿಲ್ಲ. ಒಗೆದು ಮಡಿಸಿಟ್ಟ ಹಾಸಿಗೆ ಹೊದಿಕೆಯೊಂದನ್ನು ಚೀಲಕ್ಕೆ ತುರುಕಿಕೊಂಡು ಗಿರಾಕಿಯ ಹಾಗೆ ಲಾಂಡ್ರಿಗೆ ಹೋದಳು. ಬೋರ್ಡು ಚೆನ್ನಾಗಿದೆ, ಯಾರು ಮಾಡಿಕೊಟ್ಟರು ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

ಲಾಂಡ್ರಿಯವನು ನಕ್ಕ. "ಮರೆತ್ರಾ ಮೇಡಂ? ನೀವೇ ಕೊಟ್ಟಿದ್ದಲ್ವಾ?"

ಅವನು ಮೇಜಿನ ಖಾನೆಯಿಂದ ಹಾಳೆಯೊಂದನ್ನು ತೆಗೆದು ಬಿಡಿಸಿದ. ಒಂದು ಬದಿಗೆ ಬೋರ್ಡು ಬರೆಯುವ ಪೇಂಟರಿನ ಫೋನ್ ನಂಬರು, ಭೂತಗನ್ನಡಿಯದೇ ಅಕ್ಷರ. ಇನ್ನೊಂದು ಬದಿಗೆ ಬೊಗಸೆ ಕೈ, ಕಿರುಬೆರಳಲ್ಲಿ ಚುಕ್ಕಿ. ಎರಡು ತಿಂಗಳ ಹಿಂದೆ ಅವನು ಸ್ಟುಡಿಯೋಗೆ ಬಂದಿದ್ದ. ಸಣ್ಣ ಕೆಲಸ ನಾವು ಮಾಡುವುದಿಲ್ಲ ಎಂದು ಸಾಗಹಾಕುವ ಅವಸರದಲ್ಲಿ ಅವಳು ರದ್ದಿಯ ಹಾಳೆ ಎಳೆದು ನಂಬರು ಗೀಚಿ ಕೊಟ್ಟಿದ್ದಳು. ನಾದಿನಿ ಬಣ್ಣ ನೋಡಿ ಮುಗಿಸಿದ ಪ್ರತಿಗಳೇ ಆ ರದ್ದಿ. ಕಾಗದ ದಂಡ ಮಾಡಬಾರದು ಎಂಬುದು ಸ್ಟುಡಿಯೋದ ನಿಯಮ, ನಿಯಮ ಮಾಡಿದವಳೂ ಅವಳೇ.

"ಪೇಂಟರ್ ಮಗುಚಿ ನೋಡಿ, ಡಿಸೈನ್ ಕಳಿಸಿದಾರಲ್ಲ ಅಂದ. ಬೆರಳಲ್ಲಿ ಮಚ್ಚೆ ಯಾಕೆ ಅಂತ ನಾನು ಕೇಳ್ದೆ. ಮೇಡಂ ಸುಮ್ನೆ ಏನೂ ಹಾಕಲ್ಲ, ಇದ್ದ ಹಾಗೇ ಬರೀತೀನಿ ಅಂದ."

ಒಗೆದ ಹೊದಿಕೆಯನ್ನು ಒಗೆಯಲು ಕೊಟ್ಟು, ರಸೀದಿಯನ್ನೂ ಮರೆತು ಭೂತಗನ್ನಡಿ ಹಿಂತಿರುಗಿದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದನ್ನು ಇಷ್ಟು ದಿನ ಬೇರೆಯವರಿಗೆ ಹೇಳಿ ರೂಢಿ, ತನಗೇ ಹೇಳಿಕೊಂಡದ್ದು ಅದೇ ಮೊದಲು.

ಸ್ಟುಡಿಯೋದಲ್ಲಿ ಸೋಪಿನ ಹೆಂಗಸು ಕಾದಿದ್ದಳು. ಅವಳ ಮುಂದೆ ಐದು ಸಾವಿರ ಲೇಬಲಿನ ಕಟ್ಟು. ಬಿಳಿಯ ಲೇಬಲಿನ ಮೂಲೆಯಲ್ಲಿ, ಎಲ್ಲದರಲ್ಲೂ ಒಂದೇ ಜಾಗದಲ್ಲಿ, ನೊಣ ಕೂತು ಎದ್ದುಹೋದಂಥ ಕಪ್ಪು ಚುಕ್ಕಿ. ಮಾದರಿಯಲ್ಲಿ ಕಂಡಾಗ ಧೂಳೆಂದುಕೊಂಡಿದ್ದಳಂತೆ. ಕೊಳೆ ತೆಗೆಯುವ ಸೋಪಿನ ಮೇಲೇ ಕೊಳೆ ಇದ್ದರೆ ಯಾರು ಕೊಳ್ಳುತ್ತಾರೆ ಎಂದು ಅವಳು ಕೇಳಿದಳು. ಭೂತಗನ್ನಡಿ ಮಸೂರ ಹಿಡಿದು ಒಂದೊಂದೇ ಲೇಬಲ್ ನೋಡತೊಡಗಿದಳು. ನಾದಿನಿಯೇ ಎದ್ದು ಕಾಫಿ ಕೊಟ್ಟು, ನಾಳಿದ್ದಿನೊಳಗೆ ಹೊಸದು ಅಚ್ಚು ಹಾಕಿಸಿ ಕೊಡುತ್ತೇವೆ ಎಂದು ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನೀವು ಅಳಿಸೋದು ಮರೀತೀರಿ ಅತ್ತಿಗೆ. ಆರು ವರ್ಷದಿಂದ ನಾನೇ ನೋಡಿ ಅಳಿಸ್ತಿದ್ದೆ. ಫೈಲ್ ಆಗ್ಲೇ ಹೋಗಿದ್ರೆ ಪ್ರೆಸ್ಸಿಗೆ ಫೋನ್ ಮಾಡಿ ನಿಲ್ಲಿಸಿ, ಬೇರೆ ಕಳಿಸ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಈ ಸಲ ಕಂಪ್ಯೂಟರ್ ತೆಗೆಯೋಕೇ ಆಗ್ಲಿಲ್ಲ."

ಮೆಟ್ಟಿಲ ಮೇಲಿನ ಫೋನಿನ ಗುಟ್ಟು ಇದು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಭೂತಗನ್ನಡಿ ಬೋರ್ಡು, ಪುಸ್ತಕ, ಪಾಸ್‌ವರ್ಡ್ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದಳು. ಕಾಗದಪತ್ರ ಹೊರತೆಗೆದು ಅಲ್ಲೇ ಸಹಿಯನ್ನೂ ಹಾಕಿದಳು.

ನಾದಿನಿ ಸಹಿಯನ್ನು ನೋಡಲಿಲ್ಲ. ಕಪ್ಪು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತಾ ತಾನು ಕೆಲಸಕ್ಕೆ ಸೇರಿದ ಮೊದಲ ವರ್ಷದವರೆಗೂ ಹೋದಳು.

"ಗಿರಾಕಿಗಳಿಗೆ ಇಡ್ತೀರಿ ಅಂತ ಗೊತ್ತಿತ್ತು," ಎಂದಳು. "ನನಗೂ ಇಟ್ಟಿದ್ರಿ ಅಂತ ಗೊತ್ತಿರ್ಲಿಲ್ಲ."

ಮರುದಿನ ಅವಳು ಬರುವುದಿಲ್ಲವೇನೋ ಎಂದು ಭೂತಗನ್ನಡಿ ಎಂಟಕ್ಕೇ ಬಂದು ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ನಾದಿನಿ ಎಂದಿನಂತೆ ಒಂಬತ್ತೂವರೆಗೆ ಬಂದಳು. ಚೀಲ ಇಟ್ಟು, ಮೇಜಿನ ಮೇಲಿದ್ದ ತನ್ನ ಪ್ರತಿಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಅತ್ತಿಗೆಯ ಮುಂದೆ ಕೈ ಚಾಚಿದಳು. ಭೂತಗನ್ನಡಿ ಕೊರಳಿನ ಮಸೂರ ಬಿಚ್ಚಿ ಕೊಟ್ಟಳು. ನಾದಿನಿ ಅವಸರವಿಲ್ಲದೆ ಹಾಳೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಪೂರ್ತಿ ನೋಡಿದಳು. ಚುಕ್ಕಿ ಇರಲಿಲ್ಲ. ಮಸೂರ ಹಿಂದಿರುಗಿಸಿ ಕೆಲಸಕ್ಕೆ ಕೂತಳು.

ಅದಾಗಿ ಒಂದು ವರ್ಷವಾಯಿತು. ಸ್ಟುಡಿಯೋದ ಬೋರ್ಡಿನಲ್ಲಿ ಈಗ ಇಬ್ಬರ ಹೆಸರೂ ಇದೆ. ನಾದಿನಿಯ ಪ್ರತಿಯಲ್ಲಿ ಆಮೇಲೆ ಒಂದು ದಿನವೂ ಚುಕ್ಕಿ ಇದ್ದದ್ದಿಲ್ಲ. ಆದರೂ ಅವಳು ದಿನಾ ಕೈ ಚಾಚುತ್ತಾಳೆ, ದಿನಾ ನೋಡುತ್ತಾಳೆ.