ಮಂತ್ರಿಯ ಜೇಬಿನ ಬೆಲ್ಲ

ಕರಾವಳಿಯ ಸೆಕೆಯಲ್ಲಿ ಕೋಟು ತೊಡುವ ಮನುಷ್ಯನಿಗೆ ಜೇಬುಗಳಲ್ಲದೆ ಬೇರೆ ಸಮಾಧಾನವಿಲ್ಲ. ಎಂಬತ್ತರ ದಶಕದಲ್ಲಿ ಮಣಿಪಾಲದ ಪುಟ್ಟ ಕಂಪ್ಯೂಟರ್ ಕಾರ್ಖಾನೆಯೊಂದರ ಮುಖ್ಯಸ್ಥನಾಗಿದ್ದ ನನಗೆ, ವಿದೇಶಿ ಗಣ್ಯರು ಬಂದಾಗಲೆಲ್ಲ ಈ ಉಷ್ಣವಸ್ತ್ರಧಾರಣೆ ಅನಿವಾರ್ಯವಾಗಿತ್ತು. ಮಾತು ತೋಚದಾಗ ಕೈಗಳನ್ನು ಅಡಗಿಸಲು ಜಾಗವಾದರೂ ಇದೆಯಲ್ಲ ಎಂದು ಸಹಿಸಿಕೊಳ್ಳುತ್ತಿದ್ದೆ. ಓದುಗ ಮಿತ್ರರೇ, ನನಗೆ ಮಾತು ತೋಚುತ್ತಿದ್ದುದೇ ಅಪರೂಪ.

ಆ ಸಲ ಬಂದವರು ಆಫ್ರಿಕದ ಒಂದು ದೇಶದ ಮಂತ್ರಿ. ನಾವು ಕಳಿಸಿದ್ದ ಮಾದರಿ ಯಂತ್ರಗಳು ಅಲ್ಲಿನ ಬಿಸಿಲಿಗೆ ಕೈಕೊಟ್ಟಿದ್ದವು. ಅವಸರದಲ್ಲಿ ಶಾಖಪರೀಕ್ಷೆಯನ್ನೇ ಮಾಡಿಸದೆ ಕಳಿಸಿದವನು ನಾನು. ಆದರೂ ದೋಷವೆಲ್ಲ ಅವರ ವಿದ್ಯುತ್ತಿನದೆಂದು ಸಾಧಿಸುವ ಸೊಗಸಾದ ಭಾಷಣವೊಂದನ್ನು ಬಾಯಿಪಾಠ ಮಾಡಿದ್ದೆ. ಅವರ ಆರ್ಡರ್ ಕೈತಪ್ಪಿದರೆ ಕಾರ್ಖಾನೆಗೆ ಬೀಗ. ಕಾರ್ಕಳ, ಕೆಮ್ಮಣ್ಣುಗಳಿಂದ ಬಸ್ಸು ಹಿಡಿದು ಬರುತ್ತಿದ್ದ ನಲವತ್ತು ಹೆಣ್ಣುಮಕ್ಕಳು ಕೆಲಸ ಕಳೆದುಕೊಳ್ಳುತ್ತಿದ್ದರು.

ಬೆಳಿಗ್ಗೆ ಮಣಿಪಾಲಕ್ಕೆ ಬರುವ ದಾರಿಯಲ್ಲಿ, ಕಾಪುವಿನಲ್ಲಿ ಕಡಲು ನೋಡಲೆಂದು ಮಂತ್ರಿಗಳು ಕಾರು ನಿಲ್ಲಿಸಿದ್ದೇ ತಡ, ಜನ ಮುತ್ತಿಕೊಂಡರು. ಎದುರು ಮನೆಯ ವೃದ್ಧೆ ಗಿರಿಜಕ್ಕ ನಮ್ಮ ಕಡೆಯ ಪದ್ಧತಿಯಂತೆ ತಟ್ಟೆಯಲ್ಲಿ ನೀರು, ಬೆಲ್ಲ ಹಿಡಿದು ಬಂದರು. ಮೊದಲು ಬೆಲ್ಲ ಕಚ್ಚಬೇಕು, ಆಮೇಲೆ ನೀರು, ಮಕ್ಕಳಿಗೂ ಗೊತ್ತು. ನಾನೋ ಮನಸ್ಸಿನಲ್ಲೇ ಭಾಷಣದ ಎರಡನೆಯ ಪ್ಯಾರಾದಲ್ಲಿದ್ದೆ. ಬೆಲ್ಲವನ್ನು ಜೇಬಿಗಿಳಿಸಿ ನೀರು ಕುಡಿದೆ. ನನ್ನನ್ನೇ ಗಮನಿಸುತ್ತಿದ್ದ ಮಂತ್ರಿಗಳೂ ಗಂಭೀರವಾಗಿ ತಮ್ಮ ಬೆಲ್ಲವನ್ನು ಜೇಬಿಗಿಳಿಸಿದರು. ಹಿಂದಿದ್ದ ಐವರು ಅಧಿಕಾರಿಗಳೂ ಹಾಗೆಯೇ ಮಾಡಿದರು.

"ಎಂತ ಮಾರಾಯ, ಬೆಲ್ಲ ಕಿಸೆಗೆ ಹಾಕುವುದಾ? ಪಾಪ, ಅವರು ನಿನ್ನನ್ನು ನೋಡಿ ಅಲ್ವಾ ಮಾಡುವುದು!" ಎಂದರು ಗಿರಿಜಕ್ಕ.

ನಾಚಿಕೆಯಿಂದ ಬೆಲ್ಲ ಹೊರತೆಗೆದೆ, ಅಂಟಿದ್ದ ನೂಲು ಕಿತ್ತೆ, ತಪ್ಪು ನನ್ನದೆಂದು ಮಂತ್ರಿಗಳಿಗೆ ಇಂಗ್ಲಿಷಿನಲ್ಲಿ ಒಪ್ಪಿಕೊಂಡು ಕಚ್ಚಿದೆ. ಆರು ಜೇಬುಗಳಿಂದ ಆರು ತುಂಡುಗಳು ಹೊರಬಂದವು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಂತ್ರಿಗಳೇ.

ಮಣಿಪಾಲದಲ್ಲಿ, ಕೆಲಸದವರೆಲ್ಲರ ಎದುರೇ, ಯಂತ್ರಗಳು ಏಕೆ ಕೆಟ್ಟವೆಂದು ಅವರು ಕೇಳಿದರು. ಭಾಷಣ ನಾಲಿಗೆಯ ತುದಿಯಲ್ಲಿತ್ತು. ಆದರೆ ಬೆಳಿಗ್ಗೆ ಒಮ್ಮೆ ತಪ್ಪೊಪ್ಪಿಕೊಂಡ ಬಾಯಿಗೆ ಎರಡನೆಯ ಸಲ ಅದು ಅಷ್ಟೇನೂ ಕಷ್ಟವಲ್ಲವೆಂದು ಆಗ ತಿಳಿಯಿತು. ಶಾಖಪರೀಕ್ಷೆಯ ಸಂಗತಿಯನ್ನು ಹೇಳಿಬಿಟ್ಟೆ. ನಲವತ್ತು ಮುಖಗಳನ್ನು ನೋಡುವ ಧೈರ್ಯವಾಗಲಿಲ್ಲ.

ಮಂತ್ರಿಗಳು ಕೈಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು, ಯಂತ್ರಗಳಿಗೆ ಶಾಖಪರೀಕ್ಷೆ ಆಗಿಲ್ಲವೆಂದು ಅವರ ಎಂಜಿನಿಯರು ಎಂದೋ ಬರೆದುಕೊಟ್ಟಿದ್ದ ವರದಿ. ಇನ್ನೊಂದು, ಸಹಿಯಾಗದ ಆರ್ಡರ್. ಪೆನ್ನಿದೆಯೇ ಎಂದು ಅವರು ಕೇಳಿದರು. ನಲವತ್ತು ಮಂದಿಯಲ್ಲಿ ಯಾರು ಕೊಟ್ಟರೋ ನನಗೆ ಕಾಣಲಿಲ್ಲ, ಕಣ್ಣು ತುಂಬಿತ್ತು.